ಕಿಟಕಿಯ ಕೆಳಗೆ ನಿಂತವರು

ನಿಬಿಯಾ ಶವಪೆಟ್ಟಿಗೆಯ ಮೇಲೆ ಬಗ್ಗಿ ಗಂಡನ ಕೊರಳಿನ ಟೈ ಬಿಚ್ಚುತ್ತಿದ್ದಳು. ಗಂಟು ಬಿಗಿಯಾಗಿತ್ತು. ಉಗುರು ತೂರಿಸಿ ಎಳೆದರೂ ಜಗ್ಗಲಿಲ್ಲ. ಅಂತ್ಯಕ್ರಿಯೆ ನಡೆಸಿಕೊಡುವ ಸಂಸ್ಥೆಯ ಹಜಾರ ಅದು. ಅಲ್ಲಿನ ನೌಕರ ಕರಿ ಸೂಟಿನಲ್ಲಿ ಪಕ್ಕಕ್ಕೆ ಬಂದು, ಹಿರಿಯ ಹೆಂಗಸರನ್ನು ಕರೆಯುವ ಮರ್ಯಾದೆಯಲ್ಲಿ ಹೇಳಿದ.

"ದೋನ್ಯಾ, ಎಲ್ಲರಿಗೂ ಕಟ್ತೀವಿ. ನೋಡೋಕೆ ಲಕ್ಷಣವಾಗಿರುತ್ತೆ."

"ಎಲ್ಲರಿಗೂ ಕಟ್ಟಿಕೊಳ್ಳಿ. ಇವನು ಜೀವಮಾನವೆಲ್ಲ ಮಾತಾಡಿದವನು. ಗಂಟಲು ಬಿಗಿದು ಕಳಿಸಬೇಡಿ."

ಕೊನೆಗೂ ಗಂಟು ಸಡಿಲಗೊಂಡಿತು. ಅವಳು ಟೈ ಸುತ್ತಿ ನೌಕರನ ಕೈಗಿಟ್ಟು, ಹೆಬರನ ಅಂಗಿಯ ಮೇಲಿನ ಗುಂಡಿಯನ್ನೂ ಬಿಚ್ಚಿದಳು. ಈಗ ಅವನು ಅವನ ಹಾಗೆ ಕಂಡ. ನಿನ್ನೆ, ಶುಕ್ರವಾರ ಬೆಳಿಗ್ಗೆ ಅಡುಗೆಮನೆಯ ಕುರ್ಚಿಯಲ್ಲಿ ಕೂತು ಯೆರ್ಬಾ ಎಲೆಯ ಕಷಾಯ ಹೀರುತ್ತಿದ್ದವನು ಹಾಗೇ ತಲೆ ವಾಲಿಸಿಬಿಟ್ಟಿದ್ದ. ಅವಳು ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು ತಿರುಗಿ ನೋಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಎಂಬತ್ತರ ಹತ್ತಿರದ ಮುದುಕ, ನರಳದೆ ಹೋದ. ಅಷ್ಟರಮಟ್ಟಿಗೆ ಅವಳಿಗೆ ಸಮಾಧಾನವಿತ್ತು.

"ಕಾಫಿ ಎಷ್ಟು ಜನಕ್ಕೆ ಮಾಡಿಸಲಿ?" ನೌಕರ ಕೇಳಿದ.

"ಹತ್ತು ಜನ ಬಂದರೆ ಹೆಚ್ಚು. ಅವನ ಸ್ನೇಹಿತರೆಲ್ಲ ಸತ್ತು ನೂರು ವರ್ಷ ಆಯ್ತು."

ಮಗಳು ಇವೋನ್ "ಅಮ್ಮಾ" ಎಂದು ಗದರಿದಳಾದರೂ ಅವಳ ತುಟಿಯಂಚಿನಲ್ಲಿ ನಗು ಇಣುಕಿತು. ನೌಕರನಿಗೆ ಮಾತ್ರ ಅರ್ಥವಾಗಲಿಲ್ಲ. ಹೆಬರ್ ಪಿಂಟೊಸ್ ಪ್ರತಿ ಶನಿವಾರ ಮೊಂತೆವಿದೆಯೊದ ಹಳೇಪಟ್ಟಣದಲ್ಲಿ ಜನರನ್ನು ಕಟ್ಟಿಕೊಂಡು ನಡೆಯುತ್ತಿದ್ದ. ಸತ್ತುಹೋದ ಕವಿಗಳು ಇದ್ದ ಮನೆ, ಚಿತ್ರಗಾರರು ಸಾಲ ಹೇಳಿ ಕುಡಿದ ಅಂಗಡಿ, ನಾಟಕದವರು ಜಗಳವಾಡಿದ ಮೆಟ್ಟಿಲು, ಹೀಗೆ ತೋರಿಸುತ್ತ ಹೋಗುವುದು ಅವನ ಕೆಲಸ. ಮನೆಯಲ್ಲೂ ಅವರದೇ ಮಾತು. ಊಟಕ್ಕೆ ಕೂತಾಗ ಮೂರನೆಯವರೊಬ್ಬರು ಮೇಜಿನಲ್ಲಿದ್ದಾರೇನೋ ಅನ್ನಿಸುತ್ತಿತ್ತು ನಿಬಿಯಾಗೆ.

ಒಬ್ಬ ಸೋದರಸಂಬಂಧಿ ಬಂದ. ಕೆಳಮನೆಯ ಗಂಡಹೆಂಡತಿ ಬಂದರು. ಅವಳಿಂದ ಮೇಜುಬಟ್ಟೆ ಒಗೆಸಿಕೊಳ್ಳುವ ಹೋಟೆಲಿನವನೊಬ್ಬ ಬಂದು ಕೈಹಿಡಿದು ಹೋದ. ಸುಮಾರು ಹನ್ನೊಂದರ ಹೊತ್ತಿಗೆ ಬೀದಿಬಾಗಿಲಲ್ಲಿ ಹೆಜ್ಜೆಗಳ ಸದ್ದು ಕೇಳಿತು. ಒಬ್ಬಿಬ್ಬರದಲ್ಲ. ನೋಡಿದರೆ ಮುಂದೆ ದಾರ್ದೊ, ಅವನ ಹಿಂದೆ ಬೆನ್ನಿಗೆ ಚೀಲ, ಕೈಯಲ್ಲಿ ನೀರಿನ ಬಾಟಲಿ ಹಿಡಿದ ಗುಂಪು. ಕಿತ್ತಳೆ ಬಣ್ಣದ ಜರ್ಕಿನ್ ತೊಟ್ಟ ದಪ್ಪನೆಯ ಹೆಂಗಸೊಬ್ಬಳು ಅದರ ಬಣ್ಣಕ್ಕೆ ತಾನೇ ನಾಚಿ ಅದನ್ನು ಕಳಚಿ ಮಡಚಿಕೊಳ್ಳುತ್ತಿದ್ದಳು.

ದಾರ್ದೊ ಕೂಡ ನಡಿಗೆ ಮಾಡಿಸುವವನೇ. ಯಾವನೋ ಚಿತ್ರಗಾರ ಹುಟ್ಟಿದ್ದು ಔಷಧಿ ಅಂಗಡಿಯ ಮೇಲಿನ ಮನೆಯಲ್ಲೋ ಅದರೆದುರು ಮನೆಯಲ್ಲೋ ಎಂಬ ವಿಷಯಕ್ಕೆ ಅವನಿಗೂ ಹೆಬರನಿಗೂ ವರ್ಷಗಟ್ಟಲೆ ಮಾತು ನಿಂತಿತ್ತು.

"ಇವರೆಲ್ಲ ಯಾರೋ ದಾರ್ದೊ?"

"ಚೌಕದ ಕಾರಂಜಿ ಹತ್ರ ಕಾಯ್ತಿದ್ರು, ಹೆಬರ್ ಬರ್ತಾನೆ ಅಂತ. ವಿಷಯ ಹೇಳಿದೆ, ಮನೆಗೆ ಹೋಗಿ ಅಂದೆ. ಒಬ್ಬರೂ ಹೋಗ್ಲಿಲ್ಲ. ನಾನು ಈ ಕಡೆ ಹೊರಟೆ, ಹಿಂದೇನೇ ಬಂದ್ರು." ಅವನು ಟೋಪಿ ತೆಗೆದ. "ಬೇಡ ಅಂದ್ರೆ ಕಳಿಸಿಬಿಡ್ತೀನಿ."

"ಬಂದವರನ್ನ ಕಳಿಸ್ತಾರೇನು? ಕೂರ್ಲಿ." ಆಮೇಲೆ ಅವಳಿಗೆ ಹೊಳೆಯಿತು. "ಅಲ್ಲ, ನೀನ್ಯಾಕೆ ಕಾರಂಜಿ ಹತ್ರ ಇದ್ದೆ? ನಿನ್ನದು ಭಾನುವಾರ ಅಲ್ವಾ?"

ದಾರ್ದೊ ಇವೋನ್ ಕಡೆ ಒಮ್ಮೆ ನೋಡಿ, ಹೆಬರನ ಪೆಟ್ಟಿಗೆಯ ಕಡೆ ನಡೆದ.

*

ಹೆಬರನನ್ನು ನಿಬಿಯಾ ಮೊಟ್ಟಮೊದಲು ನೋಡಿದ್ದು ಮೇಲಿನಿಂದ. ಕೂದಲು ಉದುರಲು ಶುರುವಾಗಿದ್ದ ನಡುನೆತ್ತಿಯೇ ಮೊದಲು ಕಂಡದ್ದು. ಆಗ ಅವನು ಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದ. ಶನಿವಾರದ ನಡಿಗೆ ಹೊಸದಾಗಿ ಹಿಡಿದ ಹುಚ್ಚು. ಹಳೇ ಸುಂಕದಕಟ್ಟೆಯ ಹಿಂದಿನ ಬೀದಿಯ ಮೂರನೇ ಮಹಡಿಯಲ್ಲಿ ಅವಳು ಒಂದು ಕೋಣೆ ಬಾಡಿಗೆಗೆ ಹಿಡಿದು ಹೋಟೆಲುಗಳ ಮೇಜುಬಟ್ಟೆ ಒಗೆಯುತ್ತಿದ್ದಳು. ಕಿಟಕಿಯ ಕಂಬಿಗೆ ಅವನ್ನು ನೇತುಹಾಕುತ್ತಿದ್ದಾಗ ಕೆಳಗಿನಿಂದ ಕೂಗು ಕೇಳಿತು.

"ಸೆನ್ಯೋರಾ, ಒಂದು ಹತ್ತು ನಿಮಿಷ ಅದನ್ನ ಒಳಗೆ ತಗೊಳ್ತೀರಾ? ಜನರ ತಲೆ ಮೇಲೆ ನೀರು ತೊಟ್ಟಿಕ್ತಿದೆ."

"ಜನರನ್ನ ಆಚೆ ನಿಲ್ಲಿಸ್ಕೊಳ್ಳಿ."

"ಆಗಲ್ಲ. ಇಲ್ಲೇ ನಿಂತ್ಕೋಬೇಕು. ನೀವಿರೋ ಕೋಣೆಲಿ ಕ್ಲೆಮೆಂತೆ ಅರ್ಬೆಲೊ ತನ್ನ ಕಡಲಿನ ಪದ್ಯಗಳನ್ನೆಲ್ಲ ಬರೆದದ್ದು."

"ಅವನು ಬಾಡಿಗೆ ಕೊಡ್ತಾನಾ?"

ಕೆಳಗಿದ್ದವರು ನಕ್ಕರು. ಹೆಬರ್ ಮಾತ್ರ ಮೇಲೆ ನೋಡುತ್ತಲೇ ಇದ್ದ. ಮರುವಾರ ಅವಳು ಬೇಕೆಂದೇ ಇನ್ನಷ್ಟು ನೀರಿಳಿಯುವ ಬಟ್ಟೆ ಹಾಕಿದಳು. ಅದರ ಮರುವಾರ ಬಕೆಟ್ಟಿನ ನೀರನ್ನೇ ಸುರಿದಳು. ತಪ್ಪಿ ಕೈಜಾರಿತು ಎಂದು ಆಮೇಲೆ ಹೇಳಿದ್ದು ಸುಳ್ಳು. ತೊಯ್ದ ಕೋಟಿನಲ್ಲೇ ಅವನು ಮೆಟ್ಟಿಲು ಹತ್ತಿ ಬಂದ. ಜಗಳಕ್ಕೆ ಸಿದ್ಧಳಾಗಿ ಬಾಗಿಲು ತೆರೆದರೆ, ಅವನು "ಕಿಟಕಿ ಒಂದ್ಸಲ ನೋಡ್ಲಾ?" ಎಂದು ಕೇಳಿದ. ಅಷ್ಟು ವಾರಗಳಿಂದ ಬಾಯಿತುಂಬ ಬಣ್ಣಿಸುತ್ತಿದ್ದ ಕೋಣೆಯ ಒಳಗೆ ಅವನು ಕಾಲಿಟ್ಟಿದ್ದು ಅದೇ ಮೊದಲು.

ಕಿಟಕಿಯಿಂದ ಕಡಲು ಕಾಣುತ್ತಿರಲಿಲ್ಲ. ಎದುರಿಗೆ ಉಗ್ರಾಣವೊಂದರ ಗೋಡೆ, ಅಷ್ಟೇ.

"ಹಾಗಾದ್ರೆ ಕಡಲನ್ನ ಹೇಗೆ ಬರೆದ?" ಅವನ ಮುಖ ಸಪ್ಪಗಾಯಿತು.

"ಕಾಣ್ತಿದ್ರೆ ನೋಡ್ಕೊಂಡು ಸುಮ್ನೆ ಕೂತಿರ್ತಿದ್ದ. ಕಾಣದ್ದಕ್ಕೇ ಬರೆದಿರಬೇಕು. ಕೋಟು ಕೊಡಿ, ಒಣಗಿಸ್ತೀನಿ."

ವರ್ಷ ತುಂಬುವುದರೊಳಗೆ ಅವನು ಅದೇ ಕೋಣೆಗೆ ಮನೆಅಳಿಯನ ಹಾಗೆ ಪೆಟ್ಟಿಗೆ ಹೊತ್ತು ಬಂದ. ಪತ್ರಿಕೆ ಮುಚ್ಚಿದ ಮೇಲೆ ವಾರದ ದಿನಗಳಲ್ಲಿ ಅವಳ ಇಸ್ತ್ರಿಬಟ್ಟೆಯ ಗಂಟುಗಳನ್ನು ಹೋಟೆಲುಗಳಿಗೆ ಮುಟ್ಟಿಸುತ್ತಿದ್ದ. ಶನಿವಾರ ಮಾತ್ರ ಕವಿಯದು. ಮದುವೆಯಾದ ಮೇಲೂ ತನ್ನ ಮನೆಯ ಕಿಟಕಿಯ ಕೆಳಗೇ ನಿಂತು, ಮೇಲೆ ಬೆರಳು ತೋರಿಸಿ, ಅರ್ಬೆಲೊ ಹೀಗೆ, ಅರ್ಬೆಲೊ ಹಾಗೆ ಎಂದು ಹೇಳುತ್ತಿದ್ದ. ಅವಳಿಗೆ ಮೊದಮೊದಲು ನಗು ಬರುತ್ತಿತ್ತು. ಆಮೇಲೆ ರೇಗುತ್ತಿತ್ತು. ತನ್ನ ಬಗ್ಗೆ ಅವನು ಆಡಿದ ಒಳ್ಳೆಯ ಮಾತೆಂದರೆ 'ಸೂಪು ಚೆನ್ನಾಗಿದೆ ಮುದುಕಿ' ಅನ್ನುವುದಷ್ಟೇ. ಹಾಗಾಗಿ ಶನಿವಾರ ಅವನ ದನಿ ಬೀದಿಯ ತಿರುವಿನಲ್ಲಿ ಕೇಳಿಸಿದ ಕೂಡಲೇ ಕಿಟಕಿಯ ಮರದ ಬಾಗಿಲು ಎಳೆದು ಅಗುಳಿ ಹಾಕಿಬಿಡುವುದು ಅವಳಿಗೆ ರೂಢಿಯಾಗಿತ್ತು. ಒಂದು ದಿನವೂ ಅವಳು ಆ ನಡಿಗೆಗೆ ಹೋದವಳಲ್ಲ.

*

ಕಿತ್ತಳೆ ಜರ್ಕಿನ್ನಿನ ಹೆಂಗಸು ಕಾಫಿಯ ಲೋಟ ಹಿಡಿದು ನಿಬಿಯಾಳ ಪಕ್ಕ ಬಂದು ಕೂತಳು. ಹೆಸರು ಎಲಿದಾ, ಸಾಲ್ತೊ ಊರಿನವಳು, ಶಾಲೆಯೊಂದರಲ್ಲಿ ಅಡುಗೆ ಮಾಡಿ ನಿವೃತ್ತಳಾದವಳು. ರಾತ್ರಿಯೆಲ್ಲ ಬಸ್ಸಿನಲ್ಲಿ ಬಂದಿದ್ದಳು. ಈ ಸಲ ತಂಗಿಯನ್ನೂ ಕರೆತಂದಿದ್ದಳು.

"ತಪ್ಪು ತಿಳೀಬೇಡಿ ದೋನ್ಯಾ. ಆ ಮೇಲಿನ ಮನೆಯವರು ನೀವೇನಾ?"

"ಯಾವ ಮೇಲಿನ ಮನೆ?"

"ನೀರು ಸುರಿದವರು."

ನಿಬಿಯಾ ಬೆನ್ನು ನೆಟ್ಟಗೆ ಮಾಡಿಕೊಂಡಳು. "ನಿಮಗ್ಯಾರು ಹೇಳಿದ್ದು?"

"ಅವರೇ. ಎಲ್ಲರಿಗೂ ಹೇಳ್ತಿದ್ರು." ಎಲಿದಾ ತಂಗಿಯ ಕಡೆ ತಿರುಗಿದಳು. "ನಾನು ಹೇಳಿರ್ಲಿಲ್ವಾ? ಇವರೇ." ಮತ್ತೆ ಇತ್ತ ತಿರುಗಿ, "ಮೊದಲ ಸಲ ನಾನು ಬಂದಾಗ ಕವಿಯ ಹೆಸರು, ಇಸವಿ ಎಲ್ಲ ಹೇಳಿದ್ರು. ಈ ಬೇಸಿಗೇಲಿ ಬಂದಾಗ ಕಿಟಕಿ ಕೆಳಗೆ ನಿಂತು ತುಂಬ ಹೊತ್ತು ಮೇಲೆ ನೋಡಿದ್ರು. ಹೆಸರು ಬಾಯಿಗೆ ಬರ್ಲಿಲ್ಲ, ಪಾಪ. ಆಮೇಲೆ ತುಟಿ ಮೇಲೆ ಬೆರಳಿಟ್ಟು, 'ಮೆಲ್ಲಗೆ ಮಾತಾಡಿ, ಮೇಲೆ ನನ್ನ ಹೆಂಡ್ತಿ ಇದಾಳೆ. ನನ್ನ ಮೇಲೆ ಬಕೆಟ್ ನೀರು ಸುರಿದು ಕೋಟು ಒಣಗಿಸಿಕೊಟ್ಟವಳು. ಆ ಕೋಟು ಇನ್ನೂ ಬೆಚ್ಚಗಿದೆ' ಅಂದ್ರು."

"ಮತ್ತೆ ಕವಿ?"

"ನಾನೂ ಅದನ್ನೇ ಕೇಳ್ದೆ. 'ಹಿಂದೆ ಯಾರೋ ಒಬ್ಬ ಇದ್ದನಂತೆ, ಏನೋ ಬರೀತಿದ್ನಂತೆ' ಅಂದ್ರು."

ಸುತ್ತ ಕೂತವರು ಮೆಲ್ಲಗೆ ನಕ್ಕರು. ನಿಬಿಯಾ ನಗಲಿಲ್ಲ. ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಡಲು ಹೋಗಿ, ಜಾಗ ಸಿಗದವಳ ಹಾಗೆ ಮತ್ತೆ ಕೈಯಲ್ಲೇ ಹಿಡಿದುಕೊಂಡಳು.

ಈಗ ಬೇರೆಯವರಿಗೂ ಬಾಯಿ ಬಂತು. ಕನ್ನಡಕದ ಮೇಷ್ಟರೊಬ್ಬರು, ಕಾರಂಜಿಯ ಹತ್ತಿರ ಹೆಬರ್ ಈಚೆಗೆ ಅದನ್ನು ಕಡೆದ ಶಿಲ್ಪಿಯ ಮಾತೇ ಎತ್ತುತ್ತಿರಲಿಲ್ಲವೆಂದೂ ಮಗಳು ಮೂರು ವರ್ಷದವಳಿದ್ದಾಗ ಅದರೊಳಗೆ ಬಿದ್ದು ನಗುತ್ತಾ ಎದ್ದದ್ದನ್ನೇ ಹೇಳುತ್ತಿದ್ದನೆಂದೂ ತಿಳಿಸಿದರು. ಇನ್ನೊಬ್ಬ, "ನಾಟಕಶಾಲೆ ಮೆಟ್ಟಿಲ ಮೇಲೆ ನೀವು ಜಗಳ ಆಡಿ ಮುಂದೆ ಹೋಗಿಬಿಟ್ರಂತೆ. ಮನೆ ತನಕ ನಿಮ್ಮ ಬೆನ್ನನ್ನೇ ನೋಡ್ಕೊಂಡು ಬಂದ್ರಂತೆ, ಒಳ್ಳೇ ಬೆನ್ನು ಅಂತಿದ್ರು" ಎಂದ. ಎಲಿದಾಳ ತಂಗಿ ಅವನನ್ನು ಮೊಣಕೈಯಿಂದ ತಿವಿದಳು.

"ಬೆನ್ನಿನ ಸುದ್ದೀನೂ ಹೇಳಿದ್ನಾ?" ನಿಬಿಯಾಳ ಕಿವಿ ಕೆಂಪಾಯಿತು. "ದಾರ್ದೊ, ಇದೆಲ್ಲ ನಿಂಗೆ ಗೊತ್ತಿತ್ತಾ?"

"ಪ್ರತಿ ವಾರ ಕೇಳಿಸ್ಕೊಂಡಿದೀನಿ."

*

ಹಿಂದಿನ ಚಳಿಗಾಲದಲ್ಲಿ ಹೆಬರ್ ಒಂದು ಸಂಜೆ ಮನೆಗೆ ಬಂದಿರಲಿಲ್ಲ. ಪತ್ರಿಕೆಯ ಕಚೇರಿ ಇದ್ದ ಜಾಗದಲ್ಲಿ, ಈಗ ಕಾರು ನಿಲ್ಲಿಸುವ ಬಯಲಿನಲ್ಲಿ, ಪಾಳಿಗೆ ಬಂದವನ ಹಾಗೆ ನಿಂತಿದ್ದ. ಪೊಲೀಸರು ಜೀಪಿನಲ್ಲಿ ತಂದು ಬಿಟ್ಟರು. ಇವೋನ್ ಅಂದೇ ಅವನ ಕೋಟನ್ನೂ ಬೀಗದ ಕೈಯನ್ನೂ ಅಡಗಿಸಿಟ್ಟಳು. ಶನಿವಾರ ಬಂತು. ಅವನು ಟೋಪಿ ಹಿಡಿದು ಬಾಗಿಲ ಹತ್ತಿರ ನಿಂತ. ನಿಬಿಯಾ ಇಸ್ತ್ರಿ ನಿಲ್ಲಿಸಿ, ಹಾಸಿಗೆಯ ಕೆಳಗಿನಿಂದ ಕೋಟು ಎಳೆದು ತಂದು ತೊಡಿಸಿದಳು.

"ಅಮ್ಮಾ, ಕಳೆದುಹೋದ್ರೆ?"

"ಇಲ್ಲೇ ಕೂರಿಸಿದ್ರೆ ಇವತ್ತೇ ಕಳೆದುಹೋಗ್ತಾನೆ."

ಮಗಳು ಬಾಗಿಲು ದಬಕ್ಕನೆ ಹಾಕಿಕೊಂಡು ಹೋದಳು. ಎಷ್ಟೋ ದಿನ ಫೋನು ಮಾಡಲಿಲ್ಲ. ಅಂದಿನಿಂದ ಪ್ರತಿ ಶನಿವಾರ, ಮೆಟ್ಟಿಲ ಮೇಲೆ ಅವನ ಹೆಜ್ಜೆ ಕೇಳುವವರೆಗೆ ನಿಬಿಯಾಗೆ ಉಸಿರು ಕೆಳಗಿಳಿಯುತ್ತಿರಲಿಲ್ಲ. ಒಂದು ಹೋಟೆಲಿನ ಒಳ್ಳೆಯ ಮೇಜುಬಟ್ಟೆ ಆ ಧ್ಯಾನದಲ್ಲೇ ಸುಟ್ಟುಹೋಯಿತು. ಆದರೆ ಅವನು ಪ್ರತಿ ಸಲವೂ ಬಂದ. ತಪ್ಪದೆ ಬಂದ. ಕಾಲಿಗೆ ದಾರಿ ನೆನಪಿದೆ, ತಲೆಗಿಲ್ಲದಿದ್ದರೆ ಏನಾಯಿತು ಎಂದು ಅವಳು ಮಗಳಿಗೂ ಹೇಳಿ, ತಾನೂ ನಂಬಿಕೊಂಡಿದ್ದಳು.

*

"ಕಾಲಿಗೆ ನೆನಪಿರ್ಲಿಲ್ಲಮ್ಮ," ಇವೋನ್ ಅಮ್ಮನ ಕುರ್ಚಿಯ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತಳು. "ಅವತ್ತು ಸಿಟ್ಟು ಮಾಡ್ಕೊಂಡು ಹೋದೆನಲ್ಲ, ನೆಟ್ಟಗೆ ಈ ದಾರ್ದೊ ಅವರ ಮನೆಗೇ ಹೋದೆ. ಅಪ್ಪನ ಹಿಂದೆ ಇರಿ ಅಂತ ಕೇಳ್ಕೊಂಡೆ."

ನಿಬಿಯಾ ದಾರ್ದೊನನ್ನು ನೋಡಿದಳು. "ಮಾತು ಬಿಟ್ಟವನ ಹಿಂದೆ ಒಂದು ವರ್ಷ ನಡೆದ್ಯಾ ನೀನು?"

"ಮಾತಾಡ್ಬೇಕು ಅಂತ ಇವಳೇನೂ ಹೇಳಿರ್ಲಿಲ್ಲ, ನಡೀಬೇಕು ಅಂದ್ಲು. ತಿರುವು ಬಂದಾಗ ನಾನು ಮುಂದೆ ಹೋಗಿ ನಿಲ್ತಿದ್ದೆ. ನನ್ನ ಮುಖ ಕಂಡ್ರೆ ಆ ಕಡೆ ತಿರುಗ್ತಿದ್ದ." ಅವನು ಟೋಪಿಯ ಅಂಚನ್ನು ಸುತ್ತುತ್ತಾ ಹೇಳಿದ. "ಮೊದಲನೇ ವಾರ ತಪ್ಪು ಹೇಳ್ದಾಗ ತಿದ್ದೋಕೆ ಹೋದೆ. ಜನ ನನಗೇ ಸುಮ್ನಿರಪ್ಪಾ ಅಂದ್ರು."

"ಆ ಚಿತ್ರಗಾರನ ಮನೆ?"

"ನಾನು ಹೇಳಿದ ಕಡೆನೇ ತೋರಿಸ್ಬಿಟ್ಟ ಒಂದಿನ. ಯಾವ ಕಡೆ ಅಂತ ಮರೆತಿದ್ದ. ಗೆದ್ದೆ ಅಂತ ಖುಷಿ ಆಗ್ಬೇಕಿತ್ತು, ಆಗ್ಲಿಲ್ಲ."

ನಿಬಿಯಾ ಎದ್ದು ಪೆಟ್ಟಿಗೆಯ ಹತ್ತಿರ ಹೋದಳು. ಗಂಡನ ಕಿವಿಯ ಹತ್ತಿರ ಬಗ್ಗಿ, "ಮನೇಲಿ ಒಂದಕ್ಷರ ಹೇಳೋಕೆ ನಿನಗೇನಾಗಿತ್ತೋ ಮುದುಕಾ" ಎಂದಳು. ಬೈಗುಳದ ದನಿಯಲ್ಲೇ ಹೇಳಿದಳು. ಆದರೆ ಅವನ ಅಂಗಿಯ ಕಾಲರನ್ನು ನೀವಿದ ಕೈ ಬಹಳ ಹೊತ್ತು ಅಲ್ಲೇ ಇತ್ತು.

ಮಧ್ಯಾಹ್ನ ಕಡಲತೀರದ ಸ್ಮಶಾನದ ಗೋಡೆಗೂಡೊಂದರಲ್ಲಿ ಪೆಟ್ಟಿಗೆ ಇಟ್ಟು ಮುಚ್ಚಿದರು. ಭಾಷಣ ಮಾಡಲೆಂದು ದಾರ್ದೊ ಮುಂದೆ ಬಂದವನು "ಚೆನ್ನಾಗಿ ನಡೆದ" ಎಂದಷ್ಟೇ ಹೇಳಿ ಹಿಂದೆ ಸರಿದ. ಅಷ್ಟೂ ಜನ ಬಂದಿದ್ದರು. ಗೇಟಿನ ಹತ್ತಿರ ಸಂಸ್ಥೆಯ ಕಾರು ಕಾಯುತ್ತಿತ್ತು. ನೌಕರ ಬಾಗಿಲು ತೆರೆದು ಹಿಡಿದ.

"ನೀವು ಹೋಗಿ," ಎಂದಳು ನಿಬಿಯಾ. "ಇವರು ನಡೆಯೋಕೆ ಅಂತ ಬಂದವರು. ಬಸ್ಸಲ್ಲಿ ರಾತ್ರಿಯೆಲ್ಲ ಕೂತು ಬಂದಿದಾರೆ."

ಮಗಳ ತೋಳು ಹಿಡಿದು ಅವಳು ಹಳೇಪಟ್ಟಣದ ಕಡೆ ಹೊರಟಳು. ಗಾಳಿ ಬೆನ್ನಿಗೆ ಬೀಸುತ್ತಿತ್ತು. ಹಿಂದೆ ಅವರೆಲ್ಲ ಒಬ್ಬರಿಗೊಬ್ಬರು ಮೆಲ್ಲಗೆ ಮಾತಾಡುತ್ತಾ ಬಂದರು. ಕನೆಲೋನೆಸ್ ಬೀದಿಯಲ್ಲಿ ಡೋಲು ಮಾಡುವವನ ಅಂಗಡಿಯ ಮೂಲೆ ಬಂದಾಗ ಎಲಿದಾ ನಿಂತಳು.

"ದೋನ್ಯಾ, ಇದೇ ಜಾಗ ಅಲ್ವಾ? ಮಳೇಲಿ ಮಂಡಿಯೂರಿ ನಿಮ್ಮನ್ನ ಮದುವೆಗೆ ಕೇಳಿದ್ದು ಇಲ್ಲೇ ಅಂತ ತೋರಿಸಿದ್ರು."

"ಮಂಡಿಯೂರಿ?"

"ಹೌದು, ಹಾಗೇ ಹೇಳ್ತಿದ್ದ," ಎಂದ ದಾರ್ದೊ. "ನೀನು ಯೋಚನೆ ಮಾಡ್ಬೇಕು ಅಂದ್ಯಂತೆ."

"ಮಳೇನೂ ಇರ್ಲಿಲ್ಲ, ಮಂಡೀನೂ ಊರ್ಲಿಲ್ಲ. ಕೇಳಿದ್ದು ನಾನು. ಅವನ ಬಾಯ್ತುಂಬ ಕಡಲೆಹಿಟ್ಟಿನ ರೊಟ್ಟಿ ಇತ್ತು, ಹೂಂ ಅನ್ನೋಕೂ ಆಗ್ದೆ ತಲೆ ಆಡಿಸಿದ." ಅವಳು ಬೀದಿಯಾಚೆ ಕೈ ತೋರಿಸಿದಳು. "ಅದೂ ಇಲ್ಲಲ್ಲ. ಅಲ್ಲಿ. ಬನ್ನಿ."

ಎಡಬಲ ನೋಡದೆ ಅವಳು ರಸ್ತೆಗಿಳಿದಳು. ಬಂದ ಬಸ್ಸು ಗಕ್ಕನೆ ನಿಂತಿತು. ಚಾಲಕ ಹಾರನ್ ಒತ್ತಲು ಹೋದವನು, ಕಪ್ಪು ಬಟ್ಟೆಯ ಮುದುಕಿಯನ್ನೂ ಅವಳ ಹಿಂದೆ ಒಬ್ಬೊಬ್ಬರಾಗಿ ಇಳಿದು ಬರುತ್ತಿದ್ದ ಅಷ್ಟು ಜನರನ್ನೂ ಕಂಡು ಕೈ ಹಿಂದೆಗೆದ. ಆಚೆ ಕಾಲುಹಾದಿಯಲ್ಲಿ ಅವಳು ಒಂದು ಬರಿಯ ಗೋಡೆಯ ಮುಂದೆ ನಿಂತು, ಎಲ್ಲರೂ ದಾಟಿ ಬರಲೆಂದು ಕಾದು, ಕೈಯೆತ್ತಿ ತೋರಿಸತೊಡಗಿದಳು. ಬಸ್ಸಿನೊಳಗೆ ಕೂತವರೂ ಆ ಕಡೆಯ ಕಿಟಕಿಗಳಿಗೆ ವಾಲಿ, ಅಲ್ಲೇನಿದೆ ಎಂದು ಗೋಡೆಯನ್ನೇ ನೋಡುತ್ತಿದ್ದರು.