ಸಾಹೇಬರಿಲ್ಲದ ದಿನ

ತಂದೆಯ ಎದೆಗೆ ಸುತ್ತಿದ್ದ ಬಿಳಿ ಬಟ್ಟೆಯ ಗಂಟು ಬಿಚ್ಚಲು ಗುರುಪಾದ ಕೈ ಹಾಕಿದ್ದೇ ತಡ, ದೇವಕ್ಕ ಆ ಕೈಗೆ ಫಟ್ಟನೆ ಏಟು ಕೊಟ್ಟಳು.

"ಮುಟ್ಟಿದ್ರ ನೋಡು! ನಿಮ್ಮಪ್ಪ ಕುಂತ ಹೋಗ್ಬೇಕು."

"ಅವ್ವಾ, ಹೆಣದ ಗಾಡಿಯಂವ ಕುಂದರ್ಸಿ ಒಯ್ಯಂಗಿಲ್ಲ ಅಂತಾನ. ಹೇಳಿದ ಟೆಂಪೊ ಎಲ್ಲಿ ಸಿಕ್ಕೊಂಡದೋ, ಫೋನ್ ಎತ್ತವಲ್ಲ. ಮಲಗಿಸಿ ಒಯ್ಯೋಣು, ಅಲ್ಲಿ ಮತ್ತ ಕುಂದರ್ಸಿದ್ರಾತು."

"ಮೈ ಸೆಟದದ. ಮಲಗಿಸಾಕ ಕಾಲು ಮುರೀತೀ ಏನು?"

ಕುರ್ಲಾದ ಆ ಚಾಳಿನ ಖೋಲಿಯಲ್ಲಿ ಗುರಲಿಂಗಪ್ಪ ಹಣೆತುಂಬ ವಿಭೂತಿ ಬಳಿಸಿಕೊಂಡು, ಕಾಲು ಮಡಚಿ, ಗೋಡೆಗೆ ಒರಗಿ ಕುಳಿತಿದ್ದ. ಲಿಂಗಾಯತರಲ್ಲಿ ಸತ್ತವರನ್ನು ಕೂಡಿಸಿಯೇ ಒಯ್ದು, ಕೂಡಿಸಿಯೇ ಮಣ್ಣು ಮಾಡುತ್ತಾರೆ. ಊರಿನಲ್ಲಾದರೆ ಕೂಡಿಸಿ ಒಯ್ಯುವ ಚಟ್ಟ, ಅಂದರೆ ವಿಮಾನ ಕಟ್ಟಿ ಹೆಗಲ ಮೇಲೆ ಹೊತ್ತರಾಯಿತು. ಇಲ್ಲಿ ರುದ್ರಭೂಮಿಗೆ ಅರ್ಧ ಮುಂಬಯಿ ದಾಟಬೇಕು. ಬಂದ ಜನ ಮೆಟ್ಟಿಲ ಮೇಲೆ ಕುಳಿತು, ಎದ್ದು, ಮತ್ತೆ ಕುಳಿತು ಫೋನು ನೋಡುತ್ತಿದ್ದರು. ಅರ್ಧ ರಜೆ ಹಾಕಿ ಬಂದವರಿಗೆ ಸಾವಿನ ಮನೆಯಲ್ಲೂ ಗಡಿಯಾರ ಬೆನ್ನು ಬಿಡುವುದಿಲ್ಲ.

*

ಗುರಲಿಂಗಪ್ಪ ವಿಶ್ವವಿದ್ಯಾಲಯದ ಕುಲಪತಿಗಳ ಕಾರು ಓಡಿಸುತ್ತಿದ್ದವ. ಸಾಹೇಬರು ಬದಲಾಗುತ್ತಿದ್ದರು, ಅವನು ಬದಲಾಗಲಿಲ್ಲ. ಒಬ್ಬರು ಪರೀಕ್ಷೆಯನ್ನೆಲ್ಲ ಕಂಪ್ಯೂಟರಿಗೆ ಹಾಕಿಸಿದರು, ಮುಂದಿನವರು ತೆಗೆಸಿದರು. ಒಬ್ಬರು ಹೊಸ ಗ್ರಂಥಾಲಯಕ್ಕೆಂದು ಕಾಯಿ ಒಡೆದ ಜಾಗದಲ್ಲೇ ಇನ್ನೊಬ್ಬರು ಬಂದು ಇನ್ನೊಂದು ಕಾಯಿ ಒಡೆದರು. ಗ್ರಂಥಾಲಯ ಮಾತ್ರ ಏಳಲಿಲ್ಲ.

"ನಿಮ್ಮ ವಿದ್ಯಾಪೀಠ ಮುಂದ ಹೊಂಟದೋ ಹಿಂದ ಹೊಂಟದೋ?" ಎಂದು ದೇವಕ್ಕ ಕೆಣಕುತ್ತಿದ್ದಳು.

"ನನ್ನ ಕೈಯಾಗ ಗಾಡಿ ಅಷ್ಟ ಅದ. ಅದು ಮುಂದ ಹೊಂಟದ."

ಒಮ್ಮೆ ಅವಳು ಜ್ವರದಲ್ಲಿ ಬೇಯುತ್ತಿದ್ದಾಗ, ಕಾರಿನಲ್ಲೇ ಆಸ್ಪತ್ರೆಗೆ ಕರೆದೊಯ್ಯಲು ಸಾಹೇಬರೇ ಹೇಳಿದ್ದರು. ಅವನು ಹೋಗಿ ರಿಕ್ಷಾ ತಂದ. "ಅದು ಸಾಹೇಬ್ರು ಕೂಡೋ ಜಾಗ" ಎಂದ. ಆ ಸಿಟ್ಟು ದೇವಕ್ಕನಿಗೆ ಇವತ್ತಿಗೂ ಆರಿರಲಿಲ್ಲ.

*

ಮಧ್ಯಾಹ್ನದ ಹೊತ್ತಿಗೆ ಗಲ್ಲಿಯ ಬಾಯಲ್ಲಿ ಬಿಳಿ ಕಾರು ಬಂದು ನಿಂತಿತು. ಇಳಿದವನು ಸದಾನಂದ. ಉಡುಪಿ ಕಡೆಯವ, ಗುರಲಿಂಗಪ್ಪ ನಿವೃತ್ತನಾದ ಮೇಲೆ ಅದೇ ಕಾರಿಗೆ ಬಂದ ಗುತ್ತಿಗೆ ಡ್ರೈವರು. ಕೊನೆಯ ದರ್ಶನಕ್ಕೆ ಬಂದವನು ತಾಯಿ ಮಗನ ಜಗಳ ಕೇಳಿಸಿಕೊಂಡು ದೇವಕ್ಕನ ಹತ್ತಿರ ಬಂದ.

"ಅಕ್ಕಾ, ಈ ಗಾಡಿಯಲ್ಲಿ ಕೂರಿಸುವ. ಹಳೆ ಸಾಹೇಬರು ಅವಧಿ ಮುಗಿದು ನಿನ್ನೆ ಊರಿಗೆ ಹೋದರು. ಹೊಸಬರನ್ನು ಸಂಜೆ ಏರ್‌ಪೋರ್ಟಿನಿಂದ ತರಬೇಕು. ಅಲ್ಲಿವರೆಗೆ ಇದರಲ್ಲಿ ಕೂರುವವರು ಯಾರೂ ಇಲ್ಲ."

"ಯಾರರ ನೋಡಿದ್ರ ನಿನ್ನ ನೌಕರಿ ಹೋಗ್ತದೋ," ಎಂದ ಗುರುಪಾದ.

"ಹೋದರೆ ಹೋಯಿತು ಮಾರಾಯ." ಹಾಗೆಂದನಾದರೂ ಸದಾನಂದನ ಬೆರಳುಗಳು ಕೀಲಿಯನ್ನು ತಿರುವುತ್ತಲೇ ಇದ್ದವು.

ದೇವಕ್ಕ ಗಂಡನ ಮುಖ ನೋಡಿದಳು. ಬದುಕಿದ್ದರೆ ಒಪ್ಪುತ್ತಿರಲಿಲ್ಲ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಈಗರೆ ನನ್ನ ಮಾತು ಕೇಳ್ರಿ," ಎಂದು ಗಂಡನಿಗೆ ಹೇಳಿ, ಜನರತ್ತ ತಿರುಗಿದಳು. "ಎತ್ರಿ."

ಕುಳಿತವನನ್ನು ಕುಳಿತ ಹಾಗೆಯೇ ಹಿಂದಿನ ಸೀಟಿಗೆ ಸೇರಿಸುವಷ್ಟರಲ್ಲಿ ಎತ್ತಿದವರೆಲ್ಲ ಬೆವೆತು ನೀರಾದರು. ಸದಾನಂದ ಹಾರ ನಲುಗದಂತೆ ಬೆಲ್ಟ್ ಎಳೆದು ಕಟ್ಟಿದ. ಗುರುಪಾದ ಮುಂದೆ ಹತ್ತಿದ. ದೇವಕ್ಕ ಪಕ್ಕದಲ್ಲಿ ಕುಳಿತು ಗಂಡನ ತೋಳು ಹಿಡಿದುಕೊಂಡಳು.

ದಾರಿ ವಿಶ್ವವಿದ್ಯಾಲಯದ ಮುಂದೆಯೇ ಹಾಯುತ್ತಿತ್ತು. ಬೇಗ ದಾಟಿಬಿಡೋಣವೆಂದು ಸದಾನಂದ ಒತ್ತಿ ಓಡಿಸಿದ. ಗೇಟಿನ ಎದುರಿಗೇ ಸಿಗ್ನಲ್ ಕೆಂಪಾಯಿತು.

"ಸತ್ತೆವು," ಎಂದು ತಲೆ ತಗ್ಗಿಸಿದ.

ಹೊಸ ಸಾಹೇಬರ ಸ್ವಾಗತಕ್ಕೆ ಗೇಟಿಗೆ ಚೆಂಡು ಹೂವಿನ ತೋರಣ ಕಟ್ಟಿದ್ದರು. ಕಾವಲುಗಾರ ಹೊಸಬ. ಕಾರಿನ ನಂಬರು ಕಂಡವನೇ ಓಡಿಹೋಗಿ ಅಡ್ಡಗಂಬ ಎತ್ತಿದ. ಗಾಜಿನಾಚೆ ನೆಟ್ಟಗೆ ಕುಳಿತಿದ್ದ ವಿಭೂತಿಯ ಮುಖ, ಕೊರಳ ಹಾರ ನೋಡಿ, ಬೂಟು ಬಡಿದು ಸಲ್ಯೂಟ್ ಹೊಡೆದ.

ದೇವಕ್ಕ ಸೆರಗನ್ನು ತಲೆತುಂಬ ಎಳೆದುಕೊಂಡಳು. ಗಂಡನ ತೋಳು ಬಿಡದೆ, ಕಾವಲುಗಾರನ ಕಡೆಗೆ ಗಂಭೀರವಾಗಿ ಒಮ್ಮೆ ತಲೆದೂಗಿದಳು.