ಕಟಕಟ ಗಾಡಿ ಸುಮ್ಮನಾದದ್ದು

ಬೆಳಗ್ಗೆ ಆರೂವರೆಗೆ ಆ ಬೀದಿಯಲ್ಲಿ ಯಾರೂ ಗಡಿಯಾರ ನೋಡುತ್ತಿರಲಿಲ್ಲ. ಬ್ರೆಡ್ಡಿನ ವ್ಯಾನು ತಿರುವಿನ ಉಬ್ಬು ಹತ್ತಿದೊಡನೆ ಅದರ ಮುಂದಿನ ಎಡಚಕ್ರದ ಕಡೆಯಿಂದ ಕಟಕಟ ಸದ್ದು ಹೊರಡುತ್ತಿತ್ತು. ಅಷ್ಟು ಸಾಕು, ಬಾಗಿಲುಗಳು ತೆರೆಯುತ್ತಿದ್ದವು. ಒಬ್ಬರು ಕೈಯಲ್ಲಿ ಚೀಲ ಹಿಡಿದು, ಇನ್ನೊಬ್ಬರು ಬಾಯಲ್ಲಿ ಬ್ರಷ್ಷು ಕಚ್ಚಿಕೊಂಡು ಮೆಟ್ಟಿಲಿಳಿಯುತ್ತಿದ್ದರು. ವ್ಯಾನು ಓಡಿಸುವವನಿಗೆ ಹಾರ್ನು ಒತ್ತುವ ಕೆಲಸವೇ ಇರಲಿಲ್ಲ.

ಅವನನ್ನು ಎಲ್ಲರೂ ಬ್ರೆಡ್ಡಣ್ಣ ಎನ್ನುತ್ತಿದ್ದರು. ಆದರೆ ಬ್ರೆಡ್ಡು ಮಾಡುತ್ತಿದ್ದವಳು ಅವನ ಅಕ್ಕ. ಹೆಸರು ಅವನದು, ಹಿಟ್ಟು ನಾದುವ ಕೈ ಅವಳದು. ನಾದುವ ಯಂತ್ರ ತರೋಣವೆಂದರೆ ಅವಳು ಒಪ್ಪುತ್ತಿರಲಿಲ್ಲ. "ಹಿಟ್ಟು ಸಾಕು ಅಂದದ್ದು ಮಣಿಕಟ್ಟಿಗೆ ಗೊತ್ತಾಗಬೇಕು. ಯಂತ್ರಕ್ಕೆ ಯಾರು ಹೇಳ್ತಾರೆ?" ಎನ್ನುತ್ತಿದ್ದಳು. ಬೇಯಿಸಿದ ಮೇಲೆ ಬಿಸಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ತಮ್ಮನ ಪಕ್ಕದ ಸೀಟಿನಲ್ಲಿ ಕೂತು, ಕಿಟಕಿಯಿಂದಲೇ ಬ್ರೆಡ್ಡು ಹಂಚುತ್ತಿದ್ದಳು.

ತಿರುವಿನ ಮನೆಯಲ್ಲಿ ಮೇಸ್ತ್ರಿ ಇದ್ದರು. ಬಸ್ ಡಿಪೋದಲ್ಲಿ ಮೂವತ್ತು ವರ್ಷ ಗಾಡಿಗಳ ಕೆಳಗೆ ಮಲಗಿ ನಿವೃತ್ತರಾದವರು. ಮೊಣಕಾಲು ಎರಡೂ ಕೈಕೊಟ್ಟಿದ್ದವು. ಜಗಲಿಯ ಕುರ್ಚಿಯಲ್ಲಿ ಕೂತು ಹೋಗಿಬರುವ ಗಾಡಿಗಳ ಕಾಯಿಲೆಯನ್ನು ಕಿವಿಯಲ್ಲೇ ಪತ್ತೆಹಚ್ಚುವುದು ಅವರು ಹೊತ್ತು ಕಳೆಯುವ ದಾರಿ.

"ಲಿಂಕ್ ರಾಡ್ ಸಡಿಲ ಆಗಿದೆ ಕಣೋ," ಎಂದರು ಒಂದು ಬೆಳಗ್ಗೆ.

"ಏನ್ ಮೇಸ್ತ್ರಿ, ಕೂತಲ್ಲೇ ಕಂಡುಹಿಡಿದ್ರಾ?"

"ಸಣ್ಣಪುಟ್ಟ ಗುಂಡೀಲಿ ಕಟಕಟ ಅಂದ್ರೆ ಮೊದಲು ನೋಡಬೇಕಾದ್ದು ಅದನ್ನೇ. ಚಕ್ರದ ಹಿಂದೆ, ಶಾಕ್ ಅಬ್ಸಾರ್ಬರ್ ಪಕ್ಕದಲ್ಲಿ ಒಂದು ಕಬ್ಬಿಣದ ಕಡ್ಡಿ. ಮೇಲೊಂದು ನಟ್ಟು, ಕೆಳಗೊಂದು ನಟ್ಟು. ಮನೇಲೇ ಬದಲಾಯಿಸಬಹುದು. ನೀನು ಬಗ್ಗು, ನಾನು ಕೂತು ಹೇಳ್ತೀನಿ. ನನ್ನ ಮೊಣಕಾಲೂ ನಿನ್ನ ಗಾಡಿ ಥರಾನೇ ಸದ್ದು ಮಾಡುತ್ತೆ. ಆದ್ರೆ ಅದರ ಮೇಲೆ ಯಾರನ್ನೂ ಕೂರಿಸ್ಕೊಂಡು ನಾನು ಬೀದಿ ಸುತ್ತಲ್ಲ."

"ಸದ್ದು ನಿಂತ್ರೆ ನಿಮ್ಮನ್ನೆಲ್ಲ ಎಬ್ಬಿಸೋರು ಯಾರು ಮೇಸ್ತ್ರಿ?"

ಬ್ರೆಡ್ಡು ಕೊಳ್ಳಲು ನಿಂತಿದ್ದವರೆಲ್ಲ ನಕ್ಕರು. ಅಕ್ಕನೂ ನಕ್ಕಳು. ಜೋಕು ಗೆದ್ದ ಕಡೆ ಸ್ಪ್ಯಾನರು ಪೆಟ್ಟಿಗೆಯಿಂದ ಹೊರಗೆ ಬರುವುದಿಲ್ಲ.

ಆಮೇಲೆ ಅಕ್ಕನ ಒತ್ತಾಯಕ್ಕೆ ಅವನು ಒಂದು ಕೆಲಸ ಮಾಡಿದ. ಮನೆಯಲ್ಲಿದ್ದ ಎಂಜಿನ್ ಎಣ್ಣೆಯನ್ನು ಚಕ್ರದ ಹಿಂದೆ ಕಂಡಕಂಡಲ್ಲಿ ಸುರಿದ. ಎರಡು ದಿನ ವ್ಯಾನು ಬೆಕ್ಕಿನ ಹಾಗೆ ಬಂತು. ಯಾರಿಗೂ ಎಚ್ಚರವಾಗಲಿಲ್ಲ. ಹನ್ನೊಂದು ಬ್ರೆಡ್ಡು ಉಳಿದವು. ಮೂರನೆಯ ದಿನ ಕಟಕಟ ಮರಳಿತು, ಗಿರಾಕಿಗಳೂ ಮರಳಿದರು. ಕಳೆದುಹೋದ ನಾಯಿ ಮನೆಗೆ ಬಂದಷ್ಟು ಅವನಿಗೆ ಸಮಾಧಾನವಾಯಿತು.

"ಎಣ್ಣೆ ಯಾಕೋ ಹಾಕಿದೆ?" ಎಂದು ಮೇಸ್ತ್ರಿ ಹಣೆ ಚಚ್ಚಿಕೊಂಡರು. "ಅಲ್ಲಿರೋದೆಲ್ಲ ರಬ್ಬರ್ ಬುಷ್ಷು. ಎಣ್ಣೆ ಕುಡಿದು ಊದ್ಕೊಂಡು ಹಾಳಾಗುತ್ತೆ. ಕೆಮ್ಮಿಗೆ ಔಷಧಿ ಕೊಡು ಅಂದ್ರೆ ಬಾಯಿ ಕಟ್ಟಿದ್ದೀಯ."

ಎರಡು ತಿಂಗಳು ಹೀಗೇ ಕಳೆಯಿತು. ಒಂದು ಸೋಮವಾರ ವ್ಯಾನು ತಿರುವಿನಲ್ಲಿ ಹೊರಳುವಾಗ ಬೇರೆಯೇ ಸದ್ದು ಬಂತು. ಕಟಕಟ ಅಲ್ಲ, ಒಂದೇ ಒಂದು ದಪ್ಪನೆಯ ಟಕ್. ಮೇಸ್ತ್ರಿ ಕಂಬ ಹಿಡಿದುಕೊಂಡು ಎದ್ದು ನಿಂತರು. ಅವರು ಎದ್ದು ನಿಲ್ಲುವುದನ್ನು ಬೀದಿ ನೋಡಿ ಬಹಳ ಕಾಲವಾಗಿತ್ತು.

"ಇದು ಆ ಸದ್ದಲ್ಲ. ನಿಲ್ಲಿಸು."

"ಅದೇ ಮೇಸ್ತ್ರಿ. ಸ್ವಲ್ಪ ದೊಡ್ಡವನಾಗಿದ್ದಾನೆ, ಅಷ್ಟೇ."

"ಬಾಲ್ ಜಾಯಿಂಟ್ ಇರಬೇಕು ಕಣೋ. ಚಕ್ರಾನ ಗಾಡಿಗೆ ಹಿಡಿದಿಟ್ಟಿರೋ ಗುಂಡು ಅದು. ಕಳಚಿದ್ರೆ ಚಕ್ರ ಮಡಚ್ಕೊಳ್ಳುತ್ತೆ. ಇವತ್ತೇ ಎತ್ತಿ ನೋಡು."

"ಭಾನುವಾರ ನೋಡ್ತೀನಿ."

"ಯಾವ ಭಾನುವಾರ?" ಎಂದಳು ಅಕ್ಕ.

"ಬರೋ ಭಾನುವಾರ."

"ನಿನ್ನ ಬರೋ ಭಾನುವಾರ ಬರ್ತಾನೇ ಇರುತ್ತೆ, ಬಂದಿದ್ದು ನಾನು ಕಾಣೆ." ಇಷ್ಟು ಹೇಳಿದವಳು, ಹತ್ತು ಜನರ ಮುಂದೆ ತಮ್ಮನ ಮುಖ ಸಣ್ಣದಾದದ್ದು ಕಂಡು ಮಾತು ತಿರುಗಿಸಿದಳು. "ಹೋಗ್ಲಿ ಬಿಡಿ ಮೇಸ್ತ್ರಿ, ಅವನಿಗೂ ಕೆಲಸ ಜಾಸ್ತಿ. ಪುರುಸೊತ್ತಾದಾಗ ನೋಡ್ತಾನೆ."

ಮೇಸ್ತ್ರಿ ಮತ್ತೆ ಕೂತರು. ಅಂದು ಕೂತುಬಿಟ್ಟದ್ದನ್ನು ಅವರು ಈಗಲೂ ಯಾರಾದರೂ ಕೇಳಿದರೆ ಹೇಳುತ್ತಾರೆ, ಕೇಳದಿದ್ದರೂ ಹೇಳುತ್ತಾರೆ.

ಬುಧವಾರ ಆಯಿತು. ಭಾನುವಾರಕ್ಕೆ ಇನ್ನೂ ನಾಲ್ಕು ದಿನವಿತ್ತು. ವ್ಯಾನು ಸೈಕಲ್ಲಿನ ವೇಗದಲ್ಲಿತ್ತು. ತಿರುವಿನಲ್ಲಿ ಟಕ್ ಎಂದ ಮೇಲೆ ಇನ್ನೊಂದು ಸದ್ದು ಬಂತು, ಆಮೇಲೆ ಎಡಚಕ್ರ ದಣಿದ ಎತ್ತಿನ ಕಾಲಿನಂತೆ ಒಳಗೆ ಮಡಚಿಕೊಂಡಿತು. ವ್ಯಾನಿನ ಮೂತಿ ನೆಲ ಕಚ್ಚಿ ದೀಪದ ಕಂಬಕ್ಕೆ ಹೊಡೆಯಿತು. ತೊಡೆಯ ಮೇಲೆ ತಟ್ಟೆ ಇದ್ದದ್ದರಿಂದ ಅಕ್ಕ ಸೀಟ್ ಬೆಲ್ಟು ಹಾಕಿರಲಿಲ್ಲ. ಮುಂದಕ್ಕೆ ಬೀಳುವಾಗ ಬಲಗೈ ಊರಿದಳು.

ಬೀದಿಯವರು ಚೀಲಗಳನ್ನು ಹಿಡಿದುಕೊಂಡೇ ಓಡಿಬಂದರು. ಎಂದಿನ ಸದ್ದು ಕೇಳಿ ಅವರಾಗಲೇ ಹೊಸ್ತಿಲು ದಾಟಿದ್ದರು.

"ಒಲೇಲಿರೋ ಎರಡನೇ ಸರದಿ ಬ್ರೆಡ್ಡು ಯಾರಾದ್ರೂ ತೆಗೀರಿ, ಸೀದುಹೋಗುತ್ತೆ," ಎಂಬುದು ಅಕ್ಕ ಆಡಿದ ಮೊದಲ ಮಾತು. ಮಣಿಕಟ್ಟಿನ ಕಡೆ ಅವಳು ಆಮೇಲೆ ನೋಡಿಕೊಂಡಳು. ಅದು ಎರಡು ಕಡೆ ಮುರಿದಿತ್ತು.

ಗ್ಯಾರೇಜಿನವನು ಕಳಚಿದ ಬಾಲ್ ಜಾಯಿಂಟನ್ನು ಬ್ರೆಡ್ಡಣ್ಣನ ಅಂಗೈ ಮೇಲಿಟ್ಟ. ನಿಂಬೆಹಣ್ಣಿಗಿಂತ ದೊಡ್ಡದಲ್ಲ. ಮೇಲಿನ ರಬ್ಬರ್ ಟೋಪಿ ಹರಿದು, ಒಳಗಿನ ಗ್ರೀಸು ಒಣಗಿ, ನೀರು ಧೂಳು ಸೇರಿ ಗುಂಡು ತುಕ್ಕು ಹಿಡಿದಿತ್ತು.

"ಇದು ಒಂದು ದಿನದಲ್ಲಿ ಆದದ್ದಲ್ಲಣ್ಣ. ಎಷ್ಟೋ ದಿನದಿಂದ ನಿಮಗೆ ಹೇಳ್ತಾ ಇರಬೇಕು."

"ಹೇಳ್ತಾ ಇತ್ತು. ಇಡೀ ಬೀದಿ ಕೇಳಿಸ್ಕೊಳ್ತಾ ಇತ್ತು," ಎಂದ ಬ್ರೆಡ್ಡಣ್ಣ.

ಮೂರು ತಿಂಗಳಿಗೆ ಪ್ಲಾಸ್ಟರು, ಚಿಕಿತ್ಸೆ ಎಲ್ಲ ಮುಗಿಯಿತು. ಮೂಳೆ ಕೂಡಿದೆ, ಆದರೆ ಮಣಿಕಟ್ಟು ಮೊದಲಿನಷ್ಟು ಹೊರಳುವುದಿಲ್ಲ ಎಂದರು ಡಾಕ್ಟರು. ಚಮಚ ಹಿಡಿಯಬಹುದು, ಜಡೆ ಹಾಕಿಕೊಳ್ಳಬಹುದು. ನಾದುವುದು ಆಗದು.

ಅದರ ಮುಂದಿನ ಭಾನುವಾರ ನಿಜಕ್ಕೂ ಬಂತು. ಗ್ಯಾರೇಜಿನಲ್ಲಿ ಎಡಗಡೆಯದೆಲ್ಲ ಹೊಸದಾಗಿತ್ತು. ಬಲಗಡೆ ನೋಡಲೆಂದು ಬ್ರೆಡ್ಡಣ್ಣ ವ್ಯಾನನ್ನು ಮೇಸ್ತ್ರಿಯ ಜಗಲಿಯ ಮುಂದೆ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿದ. ಅಕ್ಕ ಬಂದು ಸ್ಟೀರಿಂಗ್ ಮುಂದೆ ಕೂತಳು.

"ಮೊದಲು ಬಾನೆಟ್ಟಿನ ಮೂಲೆ ಒತ್ತಿ ಬಿಡು," ಎಂದರು ಮೇಸ್ತ್ರಿ. "ಮೇಲೆ ಬಂದು ನಿಂತ್ರೆ ಶಾಕು ಸರಿ. ಉಯ್ಯಾಲೆ ಆಡಿದ್ರೆ ಸವೆದಿದೆ."

ನಿಂತಿತು.

"ಅಕ್ಕಾ, ಗಾಡಿ ನಿಂತಲ್ಲೇ ಸ್ಟೀರಿಂಗ್ ಆ ಕಡೆ ಈ ಕಡೆ ತಿರುಗಿಸಿ. ಎಡಗೈಲಿ ಸಾಕು. ನೀನು ಕಿವಿ ಕೊಡೋ. ಮೇಲುಗಡೆ ನರಳಿದ್ರೆ ಶಾಕಿನ ತಲೆ ಕಡೆ ತೊಂದರೆ. ಬ್ರೇಕ್ ಹಾಕಿದಾಗ ದಢ್ ಅಂದ್ರೆ ಚಕ್ರ ಹಿಡಿದಿರೋ ಕೆಳಗಿನ ತೋಳಿನ ಬುಷ್ಷು."

"ಏನೂ ಇಲ್ಲ ಮೇಸ್ತ್ರಿ."

"ಈಗ ಹ್ಯಾಂಡ್‌ಬ್ರೇಕ್ ಎಳಿ. ಹಿಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡು. ಜಾಕಿನಲ್ಲಿ ಎತ್ತು. ಎತ್ತಿದೆ ಅಂತ ಕೆಳಗೆ ನುಗ್ಗಬೇಡ, ಸ್ಟ್ಯಾಂಡ್ ಇಡು. ಬರೀ ಜಾಕನ್ನ ನಂಬಿದವರು ಕೆಲವರು ನನ್ನ ಜೊತೆ ಡಿಪೋದಲ್ಲಿದ್ರು. ಈಗಿಲ್ಲ."

ಅಕ್ಕ ಇಳಿದು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತಳು. ಬ್ರೆಡ್ಡಣ್ಣ ಸ್ಟ್ಯಾಂಡ್ ಇಟ್ಟ. ಚಕ್ರದ ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿದ. ಹಾಗೆ ಆಡಿದರೆ ಬಾಲ್ ಜಾಯಿಂಟೋ ಚಕ್ರದ ಬೇರಿಂಗೋ ಹೋಗಿದೆ ಎಂದರ್ಥ. ಅಕ್ಕಪಕ್ಕ ಹಿಡಿದು ಅಲ್ಲಾಡಿಸಿದ. ಹಾಗೆ ಆಡಿದರೆ ಸ್ಟೀರಿಂಗಿನ ಟೈ ರಾಡು. ಎರಡೂ ಗಟ್ಟಿಯಾಗಿದ್ದವು. ಟಾರ್ಚು ಬಿಟ್ಟು ನೋಡಿದ. ರಬ್ಬರ್ ಟೋಪಿ ಹರಿದಿರಲಿಲ್ಲ. ಕೊನೆಗೆ ಲಿಂಕ್ ರಾಡನ್ನು ಹಿಡಿದು ಜಗ್ಗಿದ. ಬೀಳುವ ಹಲ್ಲಿನ ಹಾಗೆ ಅಲ್ಲಾಡಿತು.

ಹೊಸದನ್ನು ಮೊದಲೇ ತಂದಿದ್ದ. ಚಕ್ರ ಕಳಚಿ ಪಕ್ಕಕ್ಕಿಟ್ಟ. ರಾಡಿನ ನಟ್ಟು ಬಿಚ್ಚುವಾಗ ಒಳಗಿನ ಬೋಲ್ಟೂ ಜೊತೆಯಲ್ಲೇ ತಿರುಗತೊಡಗಿತು. ಅದನ್ನು ಇನ್ನೊಂದು ಸ್ಪ್ಯಾನರಿನಿಂದ ಹಿಡಿದುಕೊಳ್ಳುವುದನ್ನು ಮೇಸ್ತ್ರಿ ಕೂತಲ್ಲಿಂದಲೇ ಕೈಸನ್ನೆ ಮಾಡಿ ತೋರಿಸಿದರು.

"ಈ ಸ್ಪ್ರಿಂಗು?" ಎಂದು ಕೇಳಿದ ಅವನು, ಕೆಳಗಿನಿಂದ.

"ಅದಕ್ಕೆ ಕೈ ಹಾಕಬೇಡ. ಒತ್ತಿ ಕೂರಿಸಿದ ಸಿಟ್ಟು ಅದು, ಬಿಚ್ಚಿದ್ರೆ ಮುಖಕ್ಕೇ ಬರುತ್ತೆ. ಸ್ಪ್ರಿಂಗು, ಬಾಲ್ ಜಾಯಿಂಟು ಗ್ಯಾರೇಜಿಗೆ. ನೋಡೋದು ನಿನ್ನ ಕೆಲಸ. ಎಲ್ಲಾನೂ ಬಿಚ್ಚೋದಲ್ಲ."

ಹೊಸ ರಾಡು ಹಾಕಿ, ಚಕ್ರ ಕೂರಿಸಿ, ಗಾಡಿ ಇಳಿಸಿ, ಚಕ್ರದ ನಟ್ಟುಗಳನ್ನು ಬಿಗಿ ಮಾಡಿದ. ಅಕ್ಕ ಸ್ಟೂಲಿನಿಂದಲೇ ಜಗಲಿಯ ಒಳಗಿನ ಗಡಿಯಾರದ ಕಡೆ ಬಗ್ಗಿ ನೋಡಿದಳು. ನಲವತ್ತು ನಿಮಿಷ ಆಗಿತ್ತು.

"ಇಷ್ಟೇನಾ?" ಎಂದಳು.

ಅವನು ಕೈ ಒರೆಸಿಕೊಳ್ಳುತ್ತಲೇ ಇದ್ದ. ಕೈ ಒರೆಸಿ ಆದಮೇಲೂ ಒರೆಸಿಕೊಳ್ಳುತ್ತಿದ್ದ.

ಈಗ ಹಿಟ್ಟು ನಾದುವವನು ಬ್ರೆಡ್ಡಣ್ಣ. ಅಕ್ಕ ಸ್ಟೂಲಿನ ಮೇಲೆ ಕೂತು ಹೇಳುತ್ತಾಳೆ: "ಇನ್ನೂ ಸ್ವಲ್ಪ. ಇನ್ನೂ. ಸಾಕು, ಸಾಕು ಅಂದ್ನಲ್ಲ." ಸಾಕು ಎನ್ನುವುದು ಅವಳಿಗೆ ಗೊತ್ತು, ಅವನ ಮಣಿಕಟ್ಟಿಗೆ ಇನ್ನೂ ಗೊತ್ತಿಲ್ಲ. ಬ್ರೆಡ್ಡು ಒಂದಿಷ್ಟು ಗಟ್ಟಿಯಾಗಿರುತ್ತದೆ. ಬೀದಿಯವರು ಕೊಳ್ಳುತ್ತಾರೆ, ಗಟ್ಟಿ ಎಂದು ಯಾರೂ ಹೇಳುವುದಿಲ್ಲ. ಆ ಸದ್ದು ಕೇಳಿ ಎದ್ದು ಬರುತ್ತಿದ್ದವರಲ್ಲವೇ ಅವರೆಲ್ಲ.

ವ್ಯಾನು ಸದ್ದಿಲ್ಲದೆ ಬರುತ್ತದೆ. ಒಂದೊಂದು ಮನೆಯ ಮುಂದೆಯೂ ಇಳಿದು ಅವನು ಬಾಗಿಲು ತಟ್ಟುತ್ತಾನೆ.

"ಮೊದಲು ಚೆನ್ನಾಗಿತ್ತಪ್ಪ, ತಿರುವಿನಲ್ಲೇ ಗೊತ್ತಾಗ್ತಿತ್ತು," ಎಂದಳು ಒಬ್ಬ ಅಜ್ಜಿ.

"ನನಗೂ ಗೊತ್ತಾಗಬೇಕಿತ್ತು ಅಜ್ಜಿ," ಎಂದು ಅವನು ಬ್ರೆಡ್ಡು ಕೊಟ್ಟ.

ಓದುಗರೇ, ನಿಮ್ಮ ಗಾಡಿಯ ಮುಂದಿನ ಚಕ್ರದ ಕಡೆಯಿಂದಲೂ ಏನಾದರೂ ಸದ್ದು ಬರುತ್ತಿರಬಹುದು. ದಿನಾ ಕೇಳಿ ಕೇಳಿ ಅದು ನಿಮಗೆ ಮನೆಯವರ ಗೊರಕೆಯಷ್ಟೇ ರೂಢಿಯಾಗಿರಬಹುದು. ರೇಡಿಯೊ ಜೋರು ಮಾಡಬೇಡಿ, ಎಣ್ಣೆ ಸುರಿಯಬೇಡಿ, ಭಾನುವಾರದ ಮೇಲೆ ಹಾಕಬೇಡಿ. ಉಬ್ಬಿನಲ್ಲೋ, ತಿರುವಿನಲ್ಲೋ, ಬ್ರೇಕಿನಲ್ಲೋ, ಸದ್ದು ಎಲ್ಲಿ ಬರುತ್ತದೆಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಕಲ್ಲು ಕೊಟ್ಟು, ಸ್ಟ್ಯಾಂಡ್ ಇಟ್ಟು, ಚಕ್ರ ಅಲ್ಲಾಡಿಸಿ ನೋಡಿ. ಮೇಲೆ ಕೆಳಗೆ ಆಡಿದರೆ ಗಾಡಿಯನ್ನು ಒಂದು ಮಾರೂ ಓಡಿಸಬೇಡಿ, ಗ್ಯಾರೇಜಿನವರನ್ನೇ ಮನೆಗೆ ಕರೆಸಿ. ಪಕ್ಕದ ಸೀಟಿನಲ್ಲಿ ಕೂರುವವರಿಗೆ ಕೈಯಲ್ಲಿ ಏನೇ ಇರಲಿ, ಬೆಲ್ಟು ಹಾಕಿಸಿ.

ನಲವತ್ತು ನಿಮಿಷದ ಕೆಲಸ. ಇಷ್ಟೇನಾ ಎಂದು ನಿಮ್ಮನ್ನು ಯಾರೂ ಕೇಳುವ ಹಾಗಾಗದಿರಲಿ.