ಕಾಲುವೆಬದಿ ವಾರ್ಡಿನ ಕೊನೆಯ ಚೀಟಿ

ಎರಡನೇ ಸಲ ಎಣಿಸಿದಾಗಲೂ ಅಷ್ಟೇ ಬಂತು. ರೋಲಂಡ್ ಪಾಸ್ಕ್‌ಗೆ ಆರುನೂರ ಹನ್ನೊಂದು, ಕೆರಿ ಲೋಮಾಸ್‌ಗೆ ಆರುನೂರ ಹನ್ನೊಂದು. ಎಣಿಕೆಗೆ ಕೂತಿದ್ದ ಹೆಂಗಸರು ಕಟ್ಟುಗಳಿಗೆ ರಬ್ಬರ್ ಬ್ಯಾಂಡ್ ಹಾಕಿ, ಕೈಕಟ್ಟಿ, ಇನ್ನು ನಮ್ಮದೇನೂ ಇಲ್ಲಪ್ಪ ಅನ್ನುವ ಹಾಗೆ ಹಿಂದಕ್ಕೆ ಒರಗಿದರು. ಶುಕ್ರವಾರ ಬೆಳಿಗ್ಗೆ ಹನ್ನೊಂದು ಗಂಟೆ. ಹ್ಯಾಡರ್ಲಿ ಪಟ್ಟಣದ ಕೌನ್ಸಿಲ್ಲಿನ ಮತ ಎಣಿಕೆ ಯಾವತ್ತೂ ಕ್ರೀಡಾಭವನದಲ್ಲೇ ನಡೆಯುವುದು. ಬ್ಯಾಡ್ಮಿಂಟನ್ ಅಂಕಣದ ಗೆರೆಗಳ ಮೇಲೆ ಮೇಜು ಹಾಕುತ್ತಾರೆ, ಗೋಡೆಯಾಚೆಯ ಈಜುಕೊಳದಿಂದ ಕ್ಲೋರಿನ್ ವಾಸನೆ ಬರುತ್ತಿರುತ್ತದೆ. ಉಳಿದ ವಾರ್ಡುಗಳ ಫಲಿತಾಂಶವೆಲ್ಲ ಮುಗಿದಿತ್ತು. ಸೋತವರು ಮನೆಗೆ ಹೋಗಿದ್ದರು, ಗೆದ್ದವರು ಈ ಜಗಳ ನೋಡಲು ನಿಂತಿದ್ದರು.

"ಇನ್ನೊಂದು ಚೀಟಿ ಬಾಕಿ ಇದೆ" ಎಂದರು ಚುನಾವಣಾಧಿಕಾರಿ ಡಯೇನ್ ಹಾರ್ಗ್ರೀವ್. "ಅನುಮಾನದ್ದು. ಇಬ್ಬರೂ ಬನ್ನಿ, ಏಜೆಂಟರೂ ಬನ್ನಿ."

ಅನುಮಾನದ ಚೀಟಿಗಳೆಂದರೆ ರೋಲಂಡ್‌ಗೆ ಮೊದಲಿನಿಂದಲೂ ಪ್ರೀತಿ. ಮತದಾರನ ಮನಸ್ಸು ಬಿಚ್ಚಿಕೊಳ್ಳುವುದೇ ಅಲ್ಲಿ ಎನ್ನುತ್ತಿದ್ದ. ಹಿಂದೊಮ್ಮೆ ಒಬ್ಬ ಪ್ರತಿ ಹೆಸರಿನ ಮುಂದೆಯೂ ಕಳ್ಳ, ಕಳ್ಳ ಎಂದು ಬರೆದು ಕೊನೆಯ ಹೆಸರಿನ ಮುಂದೆ 'ಇವನೂ' ಎಂದು ಬರೆದಿದ್ದ. ಇನ್ನೊಬ್ಬ ಕೌನ್ಸಿಲ್ಲಿನ ಕಸದ ಲಾರಿಯ ಚಿತ್ರವನ್ನು ಚಕ್ರಸಮೇತ ಬಿಡಿಸಿದ್ದ. ಬರಹವಿದ್ದರೂ ಮತ ಯಾರಿಗೆಂದು ಸ್ಪಷ್ಟವಿದ್ದರೆ ಚೀಟಿ ಊರ್ಜಿತ. ಆದರೆ ಬರೆದವರು ಯಾರೆಂದು ಗುರುತು ಹತ್ತುವಂತಿದ್ದರೆ ತಿರಸ್ಕಾರ. ಇಪ್ಪತ್ತನಾಲ್ಕು ವರ್ಷದಲ್ಲಿ ಇಂಥ ಎಷ್ಟೋ ಚೀಟಿಗಳ ಮೇಲೆ ರೋಲಂಡ್ ನಗುನಗುತ್ತಾ ಬಾಗಿದ್ದ. ಈಗಲೂ ಹಾಗೇ ಬಾಗಿದ.

ಮತದ ಕತ್ತರಿ ಗುರುತು ಕೆರಿ ಲೋಮಾಸ್‌ಳ ಚೌಕದೊಳಗೆ ನೀಟಾಗಿ ಬಿದ್ದಿತ್ತು. ಅದರ ಕೆಳಗಡೆ, ರೋಲಂಡ್ ಪಾಸ್ಕ್ ಎಂಬ ಹೆಸರಿನ ಪಕ್ಕದ ಖಾಲಿ ಜಾಗದಲ್ಲಿ, ಪೆನ್ಸಿಲ್ಲಿನಲ್ಲಿ ಒಂದು ಸಾಲು: 'ಸಾಕು, ಮನೆಗೆ ಬಾ, ಬಾತುಮರಿ.'

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಅಕ್ಷರದ ಬಾಲವನ್ನು ಕೆಳಗಿನಿಂದ ಸುತ್ತಿ ಮೇಲಕ್ಕೆತ್ತುವ ಆ ರೀತಿಯನ್ನು ರೋಲಂಡ್ ನಲವತ್ತಮೂರು ವರ್ಷದಿಂದ ಫ್ರಿಜ್ಜಿನ ಬಾಗಿಲ ಮೇಲೆ, ಹುಟ್ಟುಹಬ್ಬದ ಕಾರ್ಡುಗಳಲ್ಲಿ, 'ಸೂಪು ಬಿಸಿ ಮಾಡ್ಕೋ, ನಾನು ಮಲಗಿದೆ' ಎಂಬ ಚೀಟಿಗಳಲ್ಲಿ ಓದಿಕೊಂಡು ಬಂದಿದ್ದ. ಅದು ಅವನ ಹೆಂಡತಿ ಥೆಲ್ಮಾಳ ಕೈಬರಹ.

ಮೊದಲು ಅವನಿಗೆ ಬಂದದ್ದು ಸಿಟ್ಟು. ನಿನ್ನೆ ಬೆಳಿಗ್ಗೆ ತಾನೇ ಕಾರಿನಲ್ಲಿ ಅವಳನ್ನು ಮತ ಹಾಕಲು ಚರ್ಚ್ ಹಾಲಿಗೆ ಕರೆದುಕೊಂಡು ಹೋಗಿ, ಹೊರಗೆ ಹತ್ತು ನಿಮಿಷ ಕಾದಿದ್ದ. ಯಾಕಿಷ್ಟು ಹೊತ್ತು ಎಂದರೆ, ಪೆನ್ಸಿಲ್ ಮೊಂಡಾಗಿತ್ತು ಎಂದಿದ್ದಳು. ಇದನ್ನು ಮನೆಯಲ್ಲೇ ಹೇಳಬಹುದಿತ್ತಲ್ಲ ಎಂದುಕೊಂಡ. ಹಾಗೆಂದುಕೊಳ್ಳುತ್ತಿದ್ದಂತೆಯೇ ಅವಳು ಹೇಳಿದ್ದು ನೆನಪಾಯಿತು.

ಹೇಳಿದ್ದಳು, ಒಂದು ಸಲವಲ್ಲ. ಜನವರಿಯಲ್ಲಿ ಅವನ ಎದೆಗೆ ಎರಡು ಸ್ಟೆಂಟ್ ಹಾಕಿ ಕಳಿಸಿದ ದಿನ ಹೇಳಿದ್ದಳು. ಮಾರ್ಚಿನಲ್ಲಿ ನಾಮಪತ್ರ ತುಂಬುವಾಗ ಹೇಳಿದ್ದಳು. ಅವನು ಆಗ ಕರಪತ್ರದಲ್ಲಿ ತನ್ನ ಫೋಟೋ ಕಪ್ಪಾಯಿತೇ ಎಂದು ನೋಡುತ್ತಿದ್ದ. "ಇದೇ ಕೊನೇದು, ಥೆಲ್ಮಾ. ಮೇಯರ್ ಆಗೋ ವರ್ಷ ಬಿಡು ಅಂತೀಯಲ್ಲ" ಎಂದಿದ್ದ.

ಅದೂ ಸುಳ್ಳಲ್ಲ. ನಮ್ಮ ಕೌನ್ಸಿಲ್ಲಿನಲ್ಲಿ ಮೇಯರ್ ಪದವಿಯ ಚಿನ್ನದ ಹಾರ ಹಿರಿತನದ ಸರದಿಯಲ್ಲಿ ಕೊರಳಿಂದ ಕೊರಳಿಗೆ ಹೋಗುತ್ತದೆ. ರೋಲಂಡ್ ಈಗ ಉಪಮೇಯರ್. ಇನ್ನು ಹನ್ನೆರಡು ದಿನಕ್ಕೆ ಹಾರ ಕೊರಳು ಬದಲಿಸುವ ವಾರ್ಷಿಕ ಸಭೆ. ಮೇಯರ್ ತೊಡುವ ಕೆಂಪು ನಿಲುವಂಗಿಯ ಅಳತೆಯನ್ನೂ ಕೊಟ್ಟು ಬಂದಿದ್ದ. ಕಾಲುವೆಬದಿ ವಾರ್ಡಿನಿಂದ ಇದುವರೆಗೆ ಒಬ್ಬನೂ ಮೇಯರ್ ಆಗಿರಲಿಲ್ಲ. ಇದನ್ನು ರೋಲಂಡ್‌ಗಿಂತ ಚೆನ್ನಾಗಿ ಬಲ್ಲವರು ಊರಿನಲ್ಲಿ ಇರಲಿಲ್ಲ, ಯಾಕೆಂದರೆ ವಾರ್ಡಿನ ಚುನಾವಣೆಗಳ ಚರಿತ್ರೆಯೆಲ್ಲ ಅವನ ನೀಲಿ ರಟ್ಟಿನ ಪುಸ್ತಕದಲ್ಲಿತ್ತು. ಎಪ್ಪತ್ತಮೂರರ ಮೊದಲ ಚುನಾವಣೆ. ಎಪ್ಪತ್ತಾರರಲ್ಲಿ ಬ್ರೆಡ್ ಅಂಗಡಿಯ ಆಲ್ಬರ್ಟ್ ಲೋಮಾಸ್, ಅಂದರೆ ಈ ಕೆರಿಯ ತಾತ, ಮೂವತ್ತೊಂಬತ್ತು ಮತದಿಂದ ಗೆದ್ದದ್ದು. ಎಂಬತ್ತಮೂರರಲ್ಲಿ ಎದುರಾಳಿಯೇ ಇಲ್ಲದ್ದು. ಎಂಬತ್ತೇಳರಲ್ಲಿ ಸಮಸಮ ಆಗಿ ಬಿಸ್ಕತ್ತಿನ ಡಬ್ಬಿಯೊಳಗೆ ಹೆಸರು ಹಾಕಿ ಚೀಟಿ ಎತ್ತಿದ್ದು. ತೊಂಬತ್ತೊಂಬತ್ತರಿಂದ ಈಚೆಗೆ ಆರು ಸಲವೂ ರೋಲಂಡ್ ಪಾಸ್ಕ್.

ಥೆಲ್ಮಾಳ ಬಳಿ ಪುಸ್ತಕವಿರಲಿಲ್ಲ. ಆದರೂ ಅದೇ ಚರಿತ್ರೆ ಅವಳಿಗೂ ಬಾಯಿಪಾಠ. ತೊಂಬತ್ತೊಂಬತ್ತರಲ್ಲಿ ಸ್ಕಾಟ್ಲೆಂಡ್ ಪ್ರವಾಸ ರದ್ದಾಯಿತು. ಎರಡು ಸಾವಿರದ ಏಳರಲ್ಲಿ, 'ಇದೇ ಕೊನೇದು.' ಹನ್ನೊಂದರಲ್ಲಿ ಮೊಮ್ಮಗಳು ಹುಟ್ಟಿದ ದಿನ ಅವನು ಚರಂಡಿ ಸಮಿತಿಯ ಸಭೆಯಲ್ಲಿದ್ದ. ಹದಿನೈದರಲ್ಲಿ 'ಇದೇ ಕೊನೇದು.' ಹತ್ತೊಂಬತ್ತರಲ್ಲಿ ಅವಳು ಕೇಳಲೇ ಇಲ್ಲ.

"ಇದು ಊರ್ಜಿತವಾದರೆ ಮಿಸ್ ಲೋಮಾಸ್ ಒಂದು ಮತದಿಂದ ಗೆದ್ದರು" ಎಂದರು ಡಯೇನ್. "ತಿರಸ್ಕಾರ ಆದರೆ ಸಮಸಮ, ಚೀಟಿ ಎತ್ತಬೇಕು. ಮತ ಯಾರಿಗೆ ಅನ್ನೋದರಲ್ಲಿ ನನಗೆ ಅನುಮಾನವಿಲ್ಲ. ಬರೆದವರು ಯಾರು ಅಂತ ತಿಳಿಯುತ್ತಾ ಅನ್ನೋದಷ್ಟೇ ಪ್ರಶ್ನೆ."

ರೋಲಂಡ್‌ನ ಏಜೆಂಟ್ ನೆವಿಲ್ ಇದಕ್ಕೇ ಕಾಯುತ್ತಿದ್ದ. ನಿವೃತ್ತ ರೈಲ್ವೆ ಸಿಗ್ನಲ್‌ಮನ್, ನಿಯಮದ ಪುಸ್ತಕವನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗುವ ಆಸಾಮಿ.

"ತಿಳಿಯದೆ ಏನು ಮೇಡಂ? ಬಾತುಮರಿ ಅಂತ ಬರೆದಿದ್ದಾರೆ. ಯಾರೋ ತೀರಾ ಹತ್ತಿರದವರೇ ಇರಬೇಕು!"

"ನೆವಿಲ್, ಈ ಊರಲ್ಲಿ ಬಸ್ ಡ್ರೈವರ್ ಕೂಡ ನನಗೆ 'ಬಸ್ ಹತ್ಕೋ, ಬಾತುಮರಿ' ಅಂತಾನೆ" ಎಂದರು ಡಯೇನ್. "ಮೀನಂಗಡಿಯವನು ಅಂತಾನೆ. ಮೊನ್ನೆ ನನ್ನ ಹಲ್ಲು ಕಿತ್ತ ಡಾಕ್ಟರೂ ಅಂದ."

ಸುತ್ತ ನಿಂತವರು ನಕ್ಕರು. ನೆವಿಲ್ ನಗಲಿಲ್ಲ. "ಮನೆಗೆ ಬಾ ಅಂದಿದ್ದಾರಲ್ಲ, ಅದು? ಹಲ್ಲಿನ ಡಾಕ್ಟರು ಮನೆಗೆ ಬಾ ಅಂತಾನಾ?"

"ಮನೆಗೆ ಹೋಗು ಮುದುಕಪ್ಪ ಅಂತ ಅರ್ಥ ಕಣೋ" ಎಂದ ಹಿಂದಿನಿಂದ ಯಾರೋ. ಮತ್ತೆ ನಗು.

ನೆವಿಲ್ ರೋಲಂಡ್‌ನ ತೋಳು ಹಿಡಿದು ಪಕ್ಕಕ್ಕೆಳೆದ. "ರೋಲಿ, ಸರಿಯಾಗಿ ನೋಡು. ಈ ಬರಹ ನಿನಗೆ ಗುರುತು ಸಿಕ್ಕುತ್ತಾ? ಯಾರು ಅಂತ ಒಂದು ಹೆಸರು ಹೇಳು, ಸಾಕು. ಚೀಟಿ ಬಿದ್ದೋಗುತ್ತೆ. ಆಮೇಲೆ ಡಬ್ಬಿಯೊಳಗಿಂದ ನಿನ್ನ ಹೆಸರೇ ಬರುತ್ತೆ, ನನ್ನ ಮಾತು ನಂಬು. ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ ಅಂತಾಗಬಾರ್ದು."

ರೋಲಂಡ್ ಮತ್ತೆ ಮೇಜಿನ ಬಳಿ ಬಂದು ಕನ್ನಡಕ ಸರಿ ಮಾಡಿಕೊಂಡ. ಆಸೆ ಅವನಿಗೆ ಗಂಟಲವರೆಗೂ ಇತ್ತು. ಒಂದು ಹೆಸರು ಹೇಳಿದರೆ ಹಾರಕ್ಕೆ ಅರ್ಧ ದಾರಿ. ಆದರೆ ಆ ಹೆಸರು ಹೇಳುವುದು ಇಷ್ಟು ಜನರ ನಡುವೆ; ಊಟದ ಹೊತ್ತಿಗೆ ಪೇಟೆಯೆಲ್ಲ ಸುದ್ದಿ, ಪಾಸ್ಕ್‌ನ ಹೆಂಡತಿಯೇ ಪಾಸ್ಕ್‌ಗೆ ಓಟು ಹಾಕಿಲ್ಲವಂತೆ. ಇವನಿಗಾಗುವ ಅವಮಾನ ಹಾಗಿರಲಿ. ಇಪ್ಪತ್ತನಾಲ್ಕು ವರ್ಷ ಮನೆಮನೆಯ ಬಾಗಿಲು ಬಡಿದು, ನಿಮ್ಮ ಮತ ನಿಮ್ಮದು, ಅದನ್ನು ಯಾರೂ ಕೇಳುವ ಹಾಗಿಲ್ಲ ಎಂದು ಹೇಳಿದವನು ಅವನೇ. ತನ್ನ ಮನೆಯ ಬಾಗಿಲನ್ನು ಮಾತ್ರ ಬಡಿದಿರಲಿಲ್ಲ.

ಅವನು ತಲೆಯೆತ್ತಿದಾಗ ಎದುರಿಗೆ ಕೆರಿ ಲೋಮಾಸ್ ಚೀಟಿಯನ್ನೇ ನೋಡುತ್ತಿದ್ದಳು. ಮೂವತ್ತಮೂರರ ಹುಡುಗಿ, ಗ್ರಂಥಾಲಯದಲ್ಲಿ ಕೆಲಸ. ಅವಳ ಕಿವಿ ಕೆಂಪಾಗಿತ್ತು. ಅವಳು ಚೀಟಿಯಿಂದ ರೋಲಂಡ್‌ನ ಮುಖಕ್ಕೆ, ಮುಖದಿಂದ ಚೀಟಿಗೆ ಕಣ್ಣು ಹಾಯಿಸಿದಳು. ಥೆಲ್ಮಾ ಮೂವತ್ತು ವರ್ಷ ಕಾಲುವೆಬದಿಯ ಶಾಲೆಯಲ್ಲಿ ಪುಟ್ಟ ಮಕ್ಕಳಿಗೆ ಅಕ್ಷರ ತಿದ್ದಿಸಿದವಳು. ಈ ಹುಡುಗಿಯ ಕೈ ಹಿಡಿದು ತಿದ್ದಿಸಿದವಳೂ ಅವಳೇ.

"ರೋಲಂಡ್," ಎಂದಳು ಕೆರಿ ಮೆಲ್ಲಗೆ. "ಇದು ಬಹುಶಃ..."

"ನಮ್ಮದೇನೂ ತಕರಾರಿಲ್ಲ, ಮೇಡಂ" ಎಂದ ರೋಲಂಡ್ ಅವಳ ಮಾತನ್ನು ತುಂಡರಿಸಿ.

"ರೋಲಿ!"

"ಸುಮ್ನಿರು ನೆವಿಲ್. ಈ ವಾರ್ಡಲ್ಲಿ ಅರ್ಧ ಜನ ಹೀಗೇ ಬರೆಯೋದು. ಯಾರು ಅಂತ ಹೇಳೋದು?"

ಅದು ಅಕ್ಷರಶಃ ನಿಜವಾಗಿತ್ತು. ಡಯೇನ್ ಒಂದು ಕ್ಷಣ ಅವನನ್ನು ನೋಡಿ, ಚೀಟಿಯನ್ನು ಕೆರಿಯ ಕಟ್ಟಿನ ಮೇಲಿಟ್ಟರು. ಆಮೇಲೆ ವೇದಿಕೆ ಹತ್ತಿ, ಧ್ವನಿವರ್ಧಕ ತಟ್ಟಿ, ಆರುನೂರ ಹನ್ನೆರಡು, ಆರುನೂರ ಹನ್ನೊಂದು ಎಂದು ಓದಿದರು. ಚಪ್ಪಾಳೆ ಬಿತ್ತು. ರೋಲಂಡ್ ಎಲ್ಲರಂತೆ ಕೈ ಕುಲುಕಿ, ಎಣಿಕೆಯ ಹೆಂಗಸರಿಗೂ ಬಾಗಿಲ ಬಳಿಯ ಪೊಲೀಸಿನವನಿಗೂ ವಂದನೆ ಹೇಳಿ ಎರಡೇ ಮಾತಿನಲ್ಲಿ ಭಾಷಣ ಮುಗಿಸಿದ. ಅವನು ಇಷ್ಟು ಚಿಕ್ಕ ಭಾಷಣ ಮಾಡಿದ್ದು ಅದೇ ಮೊದಲು ಎಂದು ಆಮೇಲೆ ಎಲ್ಲರೂ ಹೇಳಿದರು. ನೆವಿಲ್ ಅವನ ಜೊತೆ ಮಾತಾಡದೆ ಬಸ್ಸು ಹಿಡಿದು ಹೋದ.

ಕಾರು ನಿಲ್ಲಿಸಿದ ಕಡೆಗೆ ಕೆರಿ ಹಿಂದೆಯೇ ಓಡಿಬಂದಳು.

"ನಿಮಗೆ ಗೊತ್ತಿತ್ತು" ಎಂದಳು ಏದುಸಿರು ಬಿಡುತ್ತಾ. "ಮಿಸೆಸ್ ಪಾಸ್ಕ್ ನನಗೆ ಬರೆಯೋದು ಕಲಿಸಿದ್ದು. ನಾನು ಹೇಳ್ಬೇಕಿತ್ತು. ಹೀಗೆ ಗೆಲ್ಲೋದು ನನಗೆ..."

"ಏನಮ್ಮಾ ನಿನಗೆ? ಆರುನೂರ ಹನ್ನೆರಡು ಜನ ಹಾಕಿದ್ದಾರೆ. ನಿಮ್ಮ ತಾತನಿಗೆ ಎಪ್ಪತ್ತಾರರಲ್ಲಿ ಅಷ್ಟೂ ಬಿದ್ದಿರಲಿಲ್ಲ." ರೋಲಂಡ್ ಕಾರಿನ ಬಾಗಿಲು ತೆರೆದ. "ನೋಡು, ಕಾಲುವೆ ಸೇತುವೆಯ ಎರಡನೇ ದೀಪ ಹೋಗಿ ಮೂರು ವಾರ ಆಯ್ತು. ಸೋಮವಾರ ಬೆಳಿಗ್ಗೆ ಬೀದಿದೀಪದ ಇಲಾಖೆಗೆ ಫೋನ್ ಮಾಡು. ಬರೆದು ಕಳಿಸಬೇಡ, ಓದಲ್ಲ ಅವರು. ಮಾತಾಡು."

"ಸರಿ" ಎಂದಳು ಕೆರಿ. ಆಮೇಲೆ "ಹುಷಾರು, ಬಾತುಮರಿ" ಎಂದುಬಿಟ್ಟು ತಾನೇ ಬೆಚ್ಚಿದಳು. ರೋಲಂಡ್‌ಗೆ ನಗು ಬಂತು. ಬೆಳಿಗ್ಗೆಯಿಂದ ಮೊದಲ ಸಲ.

ಮನೆಗೆ ಹತ್ತು ನಿಮಿಷದ ದಾರಿ. ಅವನು ಕಾಲುವೆಯ ಪಕ್ಕದಿಂದ ನಿಧಾನವಾಗಿ ಹೋದ. ಬೇಲಿಗಳ ಮೇಲೆ ತನ್ನದೇ ಫೋಟೋ ಇದ್ದ ಫಲಕಗಳು ಇನ್ನೂ ನಿಂತಿದ್ದವು. ನಾಳೆ ಅವನ್ನೆಲ್ಲ ಕೀಳಬೇಕು. ದುಃಖವಾಗುತ್ತಿತ್ತು, ಇಲ್ಲವೆನ್ನಲಾಗದು. ಅಳತೆ ಕೊಟ್ಟಿದ್ದ ನಿಲುವಂಗಿಯನ್ನು ಇನ್ನು ಬೇರೆ ಯಾರದೋ ಹೆಗಲಿಗೆ ಹೊಂದಿಸುತ್ತಾರೆ. ಎಪ್ಪತ್ತೊಂದು ವರ್ಷದ ಗಂಡಸು ಇದಕ್ಕೆಲ್ಲ ಅಳಬಾರದು ಎಂದುಕೊಂಡ. ಸೇತುವೆಯ ಹತ್ತಿರ ಕಾರು ನಿಲ್ಲಿಸಿ ಒಂದಿಷ್ಟು ಅತ್ತು, ಮುಖ ಒರೆಸಿಕೊಂಡು ಮುಂದೆ ಹೋದ.

ಥೆಲ್ಮಾ ಹಿತ್ತಲಿನ ಗಾಜಿನ ಮನೆಯಲ್ಲಿದ್ದಳು. ಟೊಮೆಟೊ ಸಸಿಗಳನ್ನು ತಟ್ಟೆಯಿಂದ ಬಿಡಿಸಿ ಒಂದೊಂದೇ ಕುಂಡಕ್ಕೆ ಇಡುತ್ತಿದ್ದಳು. ಬಾಗಿಲು ಸದ್ದಾದರೂ ತಿರುಗಲಿಲ್ಲ.

"ಎಷ್ಟರಲ್ಲಿ ಗೆದ್ದೆ?"

"ಸೋತೆ."

ಅವಳ ಕೈ ನಿಂತಿತು. "ಸೋತ್ಯಾ? ಎಷ್ಟರಲ್ಲಿ?"

"ಒಂದರಲ್ಲಿ."

ಮಣ್ಣಿನ ಚೀಲ, ನೀರಿನ ಡಬ್ಬಿ, ಗಾಜಿನ ಮೇಲೆ ಓಡಾಡುವ ಒಂದು ಜೇನುಹುಳ. ಥೆಲ್ಮಾ ಕೈಯಲ್ಲಿದ್ದ ಸಸಿಯನ್ನು ಕುಂಡಕ್ಕಿಟ್ಟು ಬುಡಕ್ಕೆ ಮಣ್ಣು ಒತ್ತಿದಳು. ಅವಳು ನೂರಿನ್ನೂರರಲ್ಲಿ ಅವನು ಗೆಲ್ಲುತ್ತಾನೆಂದೇ ತಿಳಿದಿದ್ದಳು. ಆರು ಸಲವೂ ಹಾಗೇ ಆಗಿತ್ತಲ್ಲ. ಕೊನೆಗೆ, ಪ್ರತಿ ಎಣಿಕೆಯ ದಿನ ಕೇಳುವ ಹಾಗೆಯೇ, ಆದರೆ ಬೇರೆಯದೇ ದನಿಯಲ್ಲಿ ಕೇಳಿದಳು.

"ಈ ಸಲ ಚೀಟಿ ಮೇಲೆ ಯಾರಾದ್ರೂ ಏನಾದ್ರೂ ಬರೆದಿದ್ರಾ?"

"ಬರೆದಿದ್ರು ಒಬ್ರು."

"ಏನಂತ?"

"ಮನೆಗೆ ಬಾ ಅಂತ."

ಅವಳ ಹೆಬ್ಬೆರಳು ಕುಂಡದ ಮಣ್ಣಿನಲ್ಲಿ ಹಾಗೇ ಹೂತುಕೊಂಡಿತ್ತು. "ಹಾಗೆಲ್ಲ ಬರೆದ್ರೆ ಚೀಟಿ ಆಚೆ ಹಾಕ್ತಾರಲ್ವಾ?"

"ಇಲ್ಲ" ಎಂದ ರೋಲಂಡ್. "ಲೆಕ್ಕಕ್ಕೆ ತಗೊಂಡ್ರು."

ಥೆಲ್ಮಾ ಆಗ ಮೊದಲ ಸಲ ತಿರುಗಿ ಅವನ ಮುಖ ನೋಡಿದಳು. ಅವನು ಕೋಟು ಬಿಚ್ಚಿ ಬಾಗಿಲ ಮೊಳೆಗೆ ಸಿಕ್ಕಿಸಿ, ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕೂತು, ಅಂಗಿಯ ತೋಳು ಮಡಿಚಿಕೊಂಡ. ಅವಳು ತಟ್ಟೆಯಿಂದ ಒಂದು ಸಸಿ ಬಿಡಿಸಿ ಅವನ ಕಡೆ ಚಾಚಿದಳು.

"ಕಾಂಡ ಹಿಡೀಬೇಡ, ಮುರಿಯುತ್ತೆ" ಎಂದಳು. "ಎಲೆ ಹಿಡ್ಕೋ."

ಅವನು ಎಲೆ ಹಿಡಿದುಕೊಂಡ.